ಹೊಳೆಗೆ ಬಿದ್ದ ಮರವನ್ನು ಮೀನಿಗಾಗಿ ಉಳಿಸುವುದು, ಊರುವುದು ಹೇಗೆ

ಮಳೆಗಾಲ ಕಳೆದು ಹೊಳೆ ಇಳಿದ ಕೂಡಲೇ ಕಾಸರಗೋಡಿನ ಹೊಳೆಬದಿಯ ತೋಟಗಳಲ್ಲಿ ಕತ್ತಿ, ಗರಗಸ ಹೊರಗೆ ಬರುತ್ತವೆ. ನೀರಿಗೆ ಅಡ್ಡ ಬಿದ್ದ ಹೊಳೆಮತ್ತಿ, ನೆರೆ ತಂದು ನಿಲ್ಲಿಸಿದ ದಿಮ್ಮಿ, ಬುಡ ಸಮೇತ ಕುಸಿದ ಮಾವು ಎಲ್ಲವೂ ತುಂಡಾಗಿ ದಡ ಸೇರುತ್ತವೆ. ಉಳಿದದ್ದನ್ನು ಜೆಸಿಬಿ ಬಂದ ದಿನ ಎಳೆದು ಹಾಕುತ್ತಾರೆ. ಹೊಳೆ ‘ಚೊಕ್ಕ’ ಆಯಿತು ಎಂಬ ಸಮಾಧಾನ ನಮಗಾಗುತ್ತದೆ. ಮೀನಿಗೆ ಮಾತ್ರ ಮಾರ್ಚಿನಿಂದ ಮೇವರೆಗೆ ಅಡಗಲು ಇದ್ದ ಒಂದೇ ಜಾಗವೂ ಹೋಗಿರುತ್ತದೆ.

ಇದೇ ಪಾಠವನ್ನು ಅಮೆರಿಕದ ವಾಯವ್ಯ ರಾಜ್ಯಗಳು ದುಬಾರಿ ಬೆಲೆಗೆ ಕಲಿತವು. ಮೀನು ಹೊಳೆಯ ಮೇಲ್ಭಾಗಕ್ಕೆ ಹತ್ತಲು ಅಡ್ಡಿ ಎಂದು ಅಲ್ಲಿ 1970ರ ದಶಕದವರೆಗೂ ಹೊಳೆಗಳಿಂದ ಮರ ತೆಗೆಸಿದರು. ಗುಂಡಿಗಳು ತುಂಬಿ, ಮೀನು ಕಡಿಮೆಯಾದ ಮೇಲೆ ಅದೇ ಹೊಳೆಗಳಿಗೆ ಮರವನ್ನು ಸಾಗಿಸಿ ಮತ್ತೆ ಇಡಿಸಬೇಕಾಯಿತು. ನಮಗೆ ಆ ಖರ್ಚು ಇಲ್ಲ. ಇಲ್ಲಿ ಮರ ಪ್ರತಿ ವರ್ಷ ತಾನಾಗಿ ಬೀಳುತ್ತದೆ. ಹಾಗಾಗಿ ಈ ಕೆಲಸದಲ್ಲಿ ಮುಕ್ಕಾಲು ಪಾಲು ಬಿದ್ದದ್ದನ್ನು ಬಿಡುವುದು, ಕಾಲು ಪಾಲು ಮಾತ್ರ ಹೊಸದಾಗಿ ಊರುವುದು. ಅದೇ ಕ್ರಮದಲ್ಲಿ ಬರೆಯುತ್ತೇನೆ.

ಮರ ನೀರಿನಲ್ಲಿ ಏನು ಮಾಡುತ್ತದೆ

ಹರಿವಿಗೆ ಅಡ್ಡ ಸಿಕ್ಕಿದ ದಪ್ಪ ಮರದ ಪಕ್ಕದಲ್ಲೂ ಕೆಳಗೂ ನೀರು ರಭಸವಾಗಿ ಸುಳಿದು ತಳ ಕೊರೆಯುತ್ತದೆ. ಅಲ್ಲಿ ಕಯ, ಅಂದರೆ ಆಳದ ಗುಂಡಿ, ಆಗುತ್ತದೆ. ಕೊರೆದು ಹೋದ ಹೊಯಿಗೆ (ಮರಳು), ಜಲ್ಲಿ ಮರದ ಹಿಂದೆ ನೀರು ಮೆಲ್ಲಗಾದಲ್ಲಿ ಕೂರುತ್ತವೆ, ಅದೂ ದಪ್ಪ ಜಲ್ಲಿ ಒಂದೆಡೆ, ನಯ ಹೊಯಿಗೆ ಇನ್ನೊಂದೆಡೆ ಎಂದು ಬೇರ್ಪಟ್ಟು. ಜಲ್ಲಿಯ ಸಂದಿನಲ್ಲಿ ಮೊಟ್ಟೆ ಇಡುವ ಮೀನುಗಳಿಗೆ ಈ ಬೇರ್ಪಡುವಿಕೆ ಬೇಕೇ ಬೇಕು.

ಇನ್ನು ಆಹಾರ. ಮೀನು ಮರ ತಿನ್ನುವುದಿಲ್ಲ. ಮುಳುಗಿದ ಮರದ ಮೇಲೆ ಕೆಲವೇ ವಾರಗಳಲ್ಲಿ ಜಾರುವ ಪೊರೆಯೊಂದು ಕಟ್ಟುತ್ತದೆ. ಅದರಲ್ಲಿ ಪಾಚಿ, ಬ್ಯಾಕ್ಟೀರಿಯಾ, ಶಿಲೀಂಧ್ರ ಇರುತ್ತವೆ. ಅದನ್ನು ಕೆರೆದು ತಿನ್ನಲು ಹುಳಗಳು, ಸಣ್ಣ ಸಿಗಡಿಗಳು ಬರುತ್ತವೆ, ಅವುಗಳ ಹಿಂದೆ ಮೀನು ಬರುತ್ತದೆ. ಬರಿ ಹೊಯಿಗೆ ತಳವಿರುವ ಹೊಳೆಯಲ್ಲಿ ಅಲುಗಾಡದೆ ನಿಲ್ಲುವ ಮೇಲ್ಮೈ ಎಂದರೆ ಬಹುಮಟ್ಟಿಗೆ ಮರವೇ.

ಮೂರನೆಯದು ಮರೆ. ನೀರುಕಾಗೆಯಿಂದ, ನೀರುನಾಯಿಯಿಂದ, ದೊಡ್ಡ ಮೀನಿನಿಂದ ತಪ್ಪಿಸಿಕೊಳ್ಳಲು ಮರಿಗಳಿಗೆ ಬೆರಳು ತೂರುವಷ್ಟು ಸಂದು ಬೇಕು. ಮುಗುಡು ಮೀನು ಹಗಲೆಲ್ಲ ಕತ್ತಲ ಪೊಟರೆ ಬಯಸುತ್ತದೆ. ಮಳೆಗಾಲದಲ್ಲಿ ಎಲ್ಲ ಮೀನಿಗೂ ರಭಸದಿಂದ ಪಾರಾಗಿ ಉಸಿರು ತೆಗೆದುಕೊಳ್ಳುವ ನೆರಳು ಬೇಕು.

ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಪಯಸ್ವಿನಿ ಕೊಡಗಿನ ಬೆಟ್ಟದಿಂದ ಸುಳ್ಯ ದಾಟಿ ದೇಲಂಪಾಡಿ, ಆದೂರಿನ ಕಡೆ ಬರುವಾಗ ಆಟಿಯಲ್ಲಿ (ಜುಲೈ-ಆಗಸ್ಟ್) ಅದರ ಮುಖ ನೋಡಲಾಗದು. ಮೇ ತಿಂಗಳಲ್ಲಿ ಅದೇ ಹೊಳೆಯ ಎಷ್ಟೋ ಕಡೆ ಪಾರೆ (ಬಂಡೆ) ಮೇಲೆ ನಡೆದು ಆಚೆ ದಾಟಬಹುದು. ಶಿರಿಯ, ಉಪ್ಪಳ ಹೊಳೆಗಳ ಕಥೆಯೂ ಹಾಗೇ. ನೀವು ಇಡುವ ಪ್ರತಿ ಮರಕ್ಕೆ ಎರಡು ಪರೀಕ್ಷೆ ಇದೆ: ಜುಲೈಯ ನೆರೆಯಲ್ಲಿ ಅದು ನಿಲ್ಲುತ್ತದೆಯೇ, ಮೇ ತಿಂಗಳ ಕಯದಲ್ಲಿ ಅದು ನೀರೊಳಗೆ ಇರುತ್ತದೆಯೇ. ಪಾಶ್ಚಾತ್ಯ ಕೈಪಿಡಿಗಳನ್ನು ಇದ್ದ ಹಾಗೆ ಇಲ್ಲಿಗೆ ಹಾಕಿದರೆ ಎರಡನೆಯ ಪರೀಕ್ಷೆ ತಪ್ಪಿಹೋಗುತ್ತದೆ, ಅವು ವರ್ಷವಿಡೀ ಹರಿಯುವ ನೀರಿಗೆ ಬರೆದವು.

ಮೊದಲ ಹೆಜ್ಜೆ: ಬೇಸಿಗೆಯಲ್ಲಿ ಹೊಳೆ ನಡೆಯುವುದು

ಏಪ್ರಿಲ್ ಕೊನೆ ಅಥವಾ ಪತ್ತನಾಜೆಗೆ (ಮೇ ಕೊನೆಯ ಹೊತ್ತು) ಮೊದಲು ನಿಮ್ಮ ಪಾಲಿನ ಒಂದು ಕಿಲೋಮೀಟರ್ ಹೊಳೆಯನ್ನು ನಡೆದು ನೋಡಿ. ಜೊತೆಗೆ ಊರಿನ ಹಿರಿಯ ಮೀನು ಹಿಡಿಯುವವರೊಬ್ಬರು ಇರಲಿ. ಯಾವ ಕಯ ಯಾವ ವರ್ಷವೂ ಬತ್ತಿಲ್ಲ ಎಂಬುದನ್ನು ಅವರಷ್ಟು ಚೆನ್ನಾಗಿ ಯಾವ ನಕ್ಷೆಯೂ ಹೇಳದು. ಗುರುತು ಹಾಕಿದ ಬಿದಿರ ಗಳದಿಂದ ಆಳ ಅಳೆದು ಬರೆಯಿರಿ. ಮರ ಈಗಾಗಲೇ ಇರುವ ಜಾಗ, ತಳ ಹೊಯಿಗೆಯೋ ಪಾರೆಯೋ, ದಡದಲ್ಲಿ ಜೀವಂತ ಮರ ಇದೆಯೋ, ನೆರೆಯ ಗುರುತಾಗಿ ಎಷ್ಟು ಎತ್ತರದಲ್ಲಿ ಕಸ ತೂಗುಬಿದ್ದಿದೆ, ಎಲ್ಲವೂ ಪುಸ್ತಕದಲ್ಲಿ ಇರಲಿ.

ಸಹಜ ಹೊಳೆಯಲ್ಲಿ ಕಯದಿಂದ ಕಯಕ್ಕೆ ಹೊಳೆಯ ಅಗಲದ ಐದರಿಂದ ಏಳು ಪಟ್ಟು ದೂರ ಇರುತ್ತದೆ. ಇಪ್ಪತ್ತು ಮೀಟರ್ ಅಗಲದ ಹೊಳೆಯಾದರೆ ನೂರರಿಂದ ನೂರನಲ್ವತ್ತು ಮೀಟರಿಗೊಂದು. ಅಷ್ಟು ದೂರದೊಳಗೆ ಕಯವೇ ಇಲ್ಲದ ಸಪಾಟು ಹೊಯಿಗೆ ಕಂಡರೆ ಅಲ್ಲಿ ಮರ ಊರಿ ಕಯ ಮಾಡಿಸಬಹುದು. ಕಯ ಇದ್ದೂ ಒಳಗೆ ಬೋಳಾಗಿದ್ದರೆ ಅಲ್ಲಿ ಮರೆಯಷ್ಟೇ ಸಾಕು. ಇವೆರಡೂ ಬೇರೆ ಬೇರೆ ಕೆಲಸ, ಮರ ಇಡುವ ರೀತಿಯೂ ಬೇರೆ.

ಮರ ಇಡಲೇಬಾರದ ಜಾಗಗಳೂ ಇವೆ. ಸೇತುವೆ, ಕಿಂಡಿ ಅಣೆಕಟ್ಟುಗಳ ಮೇಲ್ಭಾಗದಲ್ಲಿ ಸಡಿಲ ಮರ ಬೇಡ, ಕಿತ್ತು ಹೋದರೆ ನೇರ ಕಿಂಡಿಗೆ ಸಿಕ್ಕಿ ನೀರು ತೋಟಕ್ಕೆ ನುಗ್ಗುತ್ತದೆ. ಜನ ಮೀಯುವ, ಮಕ್ಕಳು ಹಾರುವ ಕಡವಿನ ಹತ್ತಿರವೂ ಬೇಡ, ಗೆಲ್ಲಿಗೆ (ಕೊಂಬೆಗೆ) ಕಾಲು ಸಿಕ್ಕಿದರೆ ಪ್ರಾಣ ಹೋಗುತ್ತದೆ. ಪಂಪಿನ ಫುಟ್‌ವಾಲ್ವ್ ಇರುವ ಗುಂಡಿಯನ್ನೂ ಬಿಡಿ. ಏತಡ್ಕ ಕಡೆಯ ಹಾಗೆ ವರ್ಷವರ್ಷ ಕಟ್ಟ (ತಾತ್ಕಾಲಿಕ ಒಡ್ಡು) ಕಟ್ಟುವ ತೋಡುಗಳಲ್ಲಿ, ಅಂದರೆ ಸಣ್ಣ ಹಳ್ಳಗಳಲ್ಲಿ, ಕಟ್ಟದ ಸ್ಥಳದಿಂದ ದೂರ ಇರಿ, ಕಟ್ಟದವರೊಂದಿಗೆ ಮಾತಾಡಿಯೇ ಜಾಗ ನಿಶ್ಚಯಿಸಿ. ಹೊಯಿಗೆ ದಿಣ್ಣೆಗಳನ್ನು ಅಗೆಯಲೇಬೇಡಿ. ಚಂದ್ರಗಿರಿ ಹೊಳೆ ಭೀಮನಾಮೆಯ ನೆಲೆ. ಜಗತ್ತಿನಲ್ಲೇ ಅಪರೂಪವಾದ ಈ ಮೆದುಚಿಪ್ಪಿನ ದೈತ್ಯ ಆಮೆಯನ್ನು ಕಾಸರಗೋಡು ತನ್ನ ಜಿಲ್ಲಾ ಜೀವಿಯೆಂದು ಘೋಷಿಸಿದೆ. ಅದು ಮೊಟ್ಟೆ ಇಡುವುದು ಹೊಳೆಯಂಚಿನ ಹೊಯಿಗೆಯಲ್ಲೇ.

ಉಪ್ಪುನೀರು ಏರಿಬರುವ ಅಳಿವೆ ಭಾಗದಲ್ಲಿ ಈ ಕೆಲಸ ಮಾಡಬೇಡಿ. ಅಲ್ಲಿ ಮರಕೊರಕ ಹುಳಗಳು ದಿಮ್ಮಿಯನ್ನು ಬೇಗನೆ ಟೊಳ್ಳು ಮಾಡುತ್ತವೆ. ಕರಿಮೀನಿಗೆ ಅಲ್ಲಿ ಕಾಂಡ್ಲಾ ಗಿಡ ನೆಡುವುದೇ ಸರಿ.

ಮರಕ್ಕಿಂತ ಮೊದಲು ಮಾತು

ಇದನ್ನು ಬಿಟ್ಟು ಮುಂದೆ ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮರ ಇಟ್ಟರೆ ಮೀನು ಅಲ್ಲಿ ಸೇರುತ್ತದೆ. ಸೇರಿದ ಮೀನನ್ನು ಹಿಡಿಯುವುದು ಸುಲಭ. ಕೇರಳದ ತೆಂಕಣ ಹಿನ್ನೀರುಗಳಲ್ಲಿ ‘ಪಡಲ್’ ಎಂಬ ಪದ್ಧತಿ ನಿಂತಿರುವುದೇ ಇದರ ಮೇಲೆ: ಗೆಲ್ಲುಗಳನ್ನು ನೀರಿನಲ್ಲಿ ಊರಿ, ಮೀನು ಮನೆ ಮಾಡಿದ ಮೇಲೆ ಸುತ್ತ ಬಲೆ ಕಟ್ಟಿ ಮರಿ ಸಮೇತ ಬಾಚುವುದು. ಊರು ಒಪ್ಪದೆ ಮರ ಇಟ್ಟರೆ ನೀವು ಮಾಡಿದ್ದು ಪಡಲ್ ಆಗುತ್ತದೆ, ತೋಟೆ (ಸಿಡಿಮದ್ದು) ಹಾಕುವವನಿಗೆ, ವಿಷ ಕಲಸುವವನಿಗೆ ಜಾಗ ತೋರಿಸಿಕೊಟ್ಟಂತಾಗುತ್ತದೆ.

ಆದ್ದರಿಂದ ಎರಡು ಬದಿಯ ತೋಟದವರನ್ನು, ಗಾಳ-ಬಲೆಯವರನ್ನು, ದೇವಸ್ಥಾನ, ಮಸೀದಿಯ ಹಿರಿಯರನ್ನು ಒಟ್ಟಿಗೆ ಕೂರಿಸಿ. ಕೇಳಬೇಕಾದದ್ದು ಎರಡೇ: ಮರ ಇಟ್ಟ ಕಯದಲ್ಲಿ ಬಲೆ ಇಲ್ಲ, ಮೊದಲ ನೆರೆಗೆ ಹತ್ತುವ ಮೀನಿಗೆ ಯಾರೂ ಅಡ್ಡಗಟ್ಟುವುದಿಲ್ಲ. ಉಳಿದ ಹೊಳೆಯಲ್ಲಿ ಗಾಳ ಹಾಕುವುದು ಅವರ ಪಾಡು. ತೊಡಿಕಾನದ ಮತ್ಸ್ಯತೀರ್ಥದಲ್ಲಿ, ಶಿಶಿಲದಲ್ಲಿ ಪೆರುವೊಲು ಉಳಿದದ್ದು ದೇವರ ಮೀನು ಎಂಬ ಒಪ್ಪಂದದಿಂದ. ಒಂದು ಕಯಕ್ಕೆ ಅಂಥ ಮಾತು ಸಿಕ್ಕಿದರೂ ದೊಡ್ಡದು.

ಇನ್ನೊಂದು ಮಾತು ಅಡಿಕೆ ತೋಟದವರ ಜೊತೆ. ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿನಲ್ಲಿ ಮೈಲುತುತ್ತು ಇದೆ, ತಾಮ್ರ ಮೀನಿನ ಕಿವಿರಿಗೆ ಕಠಿಣ ವಿಷ. ಮದ್ದಿನ ಡ್ರಮ್ಮು, ಪಂಪು ತೊಳೆದ ನೀರು ತೋಡಿಗೆ ಹೋಗದೆ ತೋಟದ ಒಳಗೇ ಇಂಗಬೇಕು.

ಕಾಗದಪತ್ರ: ಹೊಳೆ ಸರಕಾರದ್ದು, ಆದ್ದರಿಂದ ಹೊಳೆಯೊಳಗೆ ಏನು ಊರುವುದಕ್ಕೂ ಪಂಚಾಯತು ಮತ್ತು ನೀರಾವರಿ ಇಲಾಖೆಯ ಒಪ್ಪಿಗೆ ಬರಹದಲ್ಲಿ ಬೇಕು. ತೇಲಿಬಂದ ಕಾಡುಮರವನ್ನು ಮುಟ್ಟುವ ಮೊದಲು ಅರಣ್ಯ ಇಲಾಖೆಗೆ ತಿಳಿಸಿ, ಅಂಥ ಮರದ ಮೇಲೆ ಸರಕಾರದ ಹಕ್ಕು ಇದೆ. 2001ರ ನದೀತೀರ ಸಂರಕ್ಷಣಾ ಕಾನೂನಿನಿಂದಾಗಿ ಅನುಮತಿಯಿಲ್ಲದೆ ಹೊಯಿಗೆ ಎತ್ತಿ ಬೇರೆಡೆ ಸಾಗಿಸುವಂತಿಲ್ಲ. ಪ್ರತಿ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇದೆ, ಅರ್ಜಿ ಅದರ ಮೂಲಕ ಹೋದರೆ ತೂಕ ಹೆಚ್ಚು. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. 1969ರ ರಾಜಭಾಷಾ ಕಾನೂನು ನಮಗೆ ಆ ಹಕ್ಕು ಕೊಟ್ಟಿದೆ. ಕೈಯಲ್ಲಿ ಬರೆದ ನಕ್ಷೆ, ನಾಲ್ಕು ಫೋಟೋ ಜೊತೆಗಿರಲಿ.

ಬಿದ್ದ ಮರ ಬಿಡುವುದು ಹೇಗೆ

ಮರ ದಡದಿಂದ ಹೊಳೆಗೆ ವಾಲಿ ಬಿದ್ದು, ಬುಡದ ಬೇರು ಇನ್ನೂ ಮಣ್ಣು ಹಿಡಿದಿದ್ದರೆ ಅದಕ್ಕಿಂತ ಗಟ್ಟಿ ಕಟ್ಟು ನಿಮ್ಮಿಂದ ಸಾಧ್ಯವಿಲ್ಲ. ಬುಡ ಕಡಿಯಬೇಡಿ. ಎಷ್ಟೋ ಸಲ ಆ ಬೇರಿನಿಂದ ಹೊಸ ಚಿಗುರು ಎದ್ದು ದಡ ಹಿಡಿಯುತ್ತದೆ.

ಹೊಳೆಯ ಅಡ್ಡಗಲದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮುಚ್ಚಿದ್ದರೆ ಮಾತ್ರ ಕೈ ಹಾಕಿ. ಆಗಲೂ ದಿಮ್ಮಿಯನ್ನು ಬಿಟ್ಟು, ಆಚೆ ದಡದ ಕಡೆ ಚಾಚಿದ ಗೆಲ್ಲುಗಳನ್ನು ಸವರಿ. ನೀರಿನ ಮಟ್ಟದ ಮೇಲಿರುವ, ಕಸ ಹಿಡಿಯುವ ಗೆಲ್ಲು ಮೊದಲು ಹೋಗಲಿ. ನೀರೊಳಗಿನ ಗೆಲ್ಲು ಉಳಿಯಲಿ. ಎರಡು ದಡಕ್ಕೂ ಸೇತುವೆಯ ಹಾಗೆ ಬಿದ್ದ ಮರವಾದರೆ ಒಂದು ತುದಿ ಕತ್ತರಿಸಿ, ಬೇರಿನ ಕಡೆಯ ಉದ್ದದ ತುಂಡನ್ನು ಕೆಳಹರಿವಿನ ದಿಕ್ಕಿಗೆ ತಿರುಗಿಸಿ ದಡಕ್ಕೆ ಒರಗಿಸಿ. ಬಿಗಿದು ನಿಂತ ಮರಕ್ಕೆ ಗರಗಸ ಹಾಕುವುದು ಅಪಾಯದ ಕೆಲಸ. ಮೆಶಿನ್ ಗರಗಸ ಗೊತ್ತಿರುವ, ದಿನನಿತ್ಯ ಮರ ಕಡಿಯುವವರನ್ನೇ ಕರೆಯಿರಿ, ನೀರಿನಲ್ಲಿ ನಿಂತು ಕತ್ತರಿಸುವುದು ಬೇಡ.

ಊರಲು ಯಾವ ಮರ

ಗಾಳಿಗೆ ಬಿದ್ದ ಹಲಸು, ಮಾವು, ಹೊಳೆಮತ್ತಿ ಒಳ್ಳೆಯವು. ಬೇರಿನ ಗಂಟು ಸಮೇತ ಸಿಕ್ಕಿದರೆ ಬಂಗಾರ. ಗಂಟು ತಳಕ್ಕೆ ಲಂಗರಿನ ಹಾಗೆ ಕಚ್ಚಿಕೊಳ್ಳುತ್ತದೆ. ತೆಂಗಿನ ಕಾಂಡ ಸಾಧಾರಣ. ಅಡಿಕೆ ಮರದ ತಿರುಳು ಬೇಗ ಕೊಳೆತು ಕೊಳವೆಯಾಗುತ್ತದೆ, ಆದರೆ ಅದೇ ಟೊಳ್ಳು ಮುಗುಡಿಗೆ ಇಷ್ಟ. ನಾಲ್ಕೈದು ಕಟ್ಟಿ ಕಯದ ತಳದಲ್ಲಿ ಮಲಗಿಸಬಹುದು. ಹಳೆ ರಬ್ಬರ್ ಮರ ಈಗ ಎಲ್ಲೆಡೆ ಸಿಗುತ್ತದೆ. ಬೇಗ ಕೊಳೆಯುವುದರಿಂದ ದಿಮ್ಮಿಗೆ ಬೇಡ, ಗೆಲ್ಲಿನ ಕಟ್ಟಿಗೆ ಆದೀತು. ಅಕೇಶಿಯಾದ ಬೀಜ ಹೊಳೆಗುಂಟ ಹರಡುತ್ತದೆ, ಕಾಯಿ ಇರುವ ಗೆಲ್ಲು ತರಬೇಡಿ.

ಕಾಸರಕ, ಕಾರೆ ಬೇಡ. ಕಾರೆಕಾಯಿ ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುತ್ತಿದ್ದದ್ದು ಹಿರಿಯರಿಗೆ ಗೊತ್ತು. ಚೇರಿನ ಮರ ಮುಟ್ಟಿದವರ ಮೈ ಸುಡುತ್ತದೆ. ಬಣ್ಣ, ಡಾಂಬರು, ಗೆದ್ದಲು ಎಣ್ಣೆ ಹಚ್ಚಿದ ಹಳೆ ಮನೆಯ ಮರ ಹೊಳೆಗೆ ಇಳಿಯಲೇಬಾರದು. ಮತ್ತು ಈ ಕೆಲಸಕ್ಕೆಂದು ನಿಂತ ಮರ ಕಡಿಯಬೇಡಿ, ದಡದ ಮರ ಅಂತೂ ಮುಟ್ಟಬೇಡಿ. ಅದರ ನೆರಳೇ ಬೇಸಿಗೆಯಲ್ಲಿ ಕಯವನ್ನು ತಂಪಾಗಿ ಇಡುವುದು.

ಹಸಿ ಎಲೆಯ ಬಗ್ಗೆ ಬಹಳ ಎಚ್ಚರ ಇರಲಿ. ಹರಿವು ನಿಂತ ಮೇ ತಿಂಗಳ ಕಯಕ್ಕೆ ಎಲೆ ತುಂಬಿದ ಮರದ ತಲೆಯನ್ನು ಇಳಿಸಿದರೆ ಎಲೆ ಕೊಳೆಯುವಾಗ ನೀರಿನ ಆಮ್ಲಜನಕ ಹೀರಿ, ರಾತ್ರಿ ಬೆಳಗಾಗುವಷ್ಟರಲ್ಲಿ ಮೀನು ತೇಲುತ್ತದೆ. ಎಲೆ ಪೂರ್ತಿ ಉದುರುವವರೆಗೆ ದಡದಲ್ಲಿ ಒಣಗಿಸಿ, ಬರಿಗೆಲ್ಲು ಮಾತ್ರ ಇಳಿಸಿ.

ತೇಲುವ ಲೆಕ್ಕ

ಮರ ಕಿತ್ತು ಹೋಗುವುದು ಎರಡು ಬಲದಿಂದ: ನೀರು ಮೇಲೆತ್ತುತ್ತದೆ, ಹರಿವು ತಳ್ಳುತ್ತದೆ. 30 ಸೆಂಟಿಮೀಟರ್ ದಪ್ಪ, 6 ಮೀಟರ್ ಉದ್ದದ ದಿಮ್ಮಿಯ ಗಾತ್ರ ಸುಮಾರು 0.42 ಘನ ಮೀಟರ್. ಘನ ಮೀಟರಿಗೆ 700 ಕಿಲೋದ ಮರವೆಂದು ಹಿಡಿದರೆ ತೂಕ 295 ಕಿಲೋದಷ್ಟು. ಪೂರ್ತಿ ಮುಳುಗಿದಾಗ ಅದು ಸರಿಸುವ ನೀರು 420 ಕಿಲೋ. ಉಳಿದ 125 ಕಿಲೋ ಅದನ್ನು ಮೇಲಕ್ಕೆ ಎತ್ತುವ ಬಲ. ಹಿಡಿದಿಡಲು ಕಲ್ಲು ಹೇರುವುದಾದರೆ ಕರಿಕಲ್ಲೂ ನೀರೊಳಗೆ ತನ್ನ ತೂಕದ ಸುಮಾರು 60 ಶೇಕಡಾದಷ್ಟೇ ತೂಗುತ್ತದೆ. ಹಾಗಾಗಿ ಕನಿಷ್ಠ 210 ಕಿಲೋ, ಭದ್ರತೆಗೆ ಅದರ ಇಮ್ಮಡಿ, 400 ಕಿಲೋಗಿಂತ ಹೆಚ್ಚು ಕಲ್ಲು ಬೇಕು. ಮುರಕಲ್ಲು ಇನ್ನೂ ಹಗುರ, ಅದನ್ನು ನೆಚ್ಚಬೇಡಿ.

ತಳ್ಳುವ ಬಲವೂ ಹೆಚ್ಚುಕಡಿಮೆ ಅಷ್ಟೇ. ಅದೇ ದಿಮ್ಮಿಯ ಎರಡು ಮೀಟರ್ ಭಾಗ ಸೆಕೆಂಡಿಗೆ 2 ಮೀಟರ್ ಓಡುವ ನೀರಿಗೆ ಅಡ್ಡ ನಿಂತರೆ ಸುಮಾರು 120 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ. ಹರಿವಿನ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ನೆರೆಯಲ್ಲಿ ಕಸ ಬಂದು ತುಂಬಿದರೆ ಮತ್ತೂ ಹೆಚ್ಚು. ಆದ್ದರಿಂದ ಕಲ್ಲಿನ ಭಾರಕ್ಕಿಂತ ಸಿಕ್ಕಿಸುವ ಜಾಣ್ಮೆ ಮೇಲು. ದಡದಲ್ಲಿ ಗಟ್ಟಿಯಾಗಿ ನಿಂತ ಎರಡು ಜೀವಂತ ಮರಗಳ ನಡುವೆ ದಿಮ್ಮಿಯನ್ನು ತೂರಿಸಿ. ಅದು ಒಂದು ಮರದ ಮೇಲ್ಹರಿವಿನ ಬದಿಗೆ, ಇನ್ನೊಂದರ ಕೆಳಹರಿವಿನ ಬದಿಗೆ ಒರಗಬೇಕು. ನೆರೆ ತಳ್ಳಿದಷ್ಟೂ ಬಿಗಿಯುತ್ತದೆ. ದಿಮ್ಮಿಯ ಮೂರರಲ್ಲಿ ಎರಡು ಪಾಲು ದಡದ ಮೇಲಿರಲಿ, ಒಂದು ಪಾಲು ನೀರಿಗೆ. ಹೊಳೆಯ ಅಗಲಕ್ಕಿಂತ ಒಂದೂವರೆ ಪಟ್ಟು ಉದ್ದದ, ಬೇರಿನ ಗಂಟಿರುವ ಮರ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಸಣ್ಣ ತೋಡುಗಳಲ್ಲಿ ಇದು ಸಾಧ್ಯ, ಪಯಸ್ವಿನಿಯ ನಡುಹೊಳೆಯಲ್ಲಿ ಅಲ್ಲ.

ಕಟ್ಟಲು ತೆಂಗಿನ ನಾರಿನ ದಪ್ಪ ಮಿಣಿ ಬಳಸಿ. ನೈಲಾನ್ ಹರಿದು ಎಳೆಯಾಗಿ ಆಮೆಯ ಕುತ್ತಿಗೆಗೆ ಸುತ್ತುತ್ತದೆ. ಕಬ್ಬಿಣದ ತಂತಿ ಜೀವಂತ ಮರದ ತೊಗಟೆ ಕೊರೆದು ಮರವನ್ನೇ ಕೊಲ್ಲುತ್ತದೆ. ನಾರು ಕೊಳೆಯುವ ಹೊತ್ತಿಗೆ ದಿಮ್ಮಿ ನೀರು ಕುಡಿದು ಭಾರವಾಗಿ, ಹೊಯಿಗೆಯಲ್ಲಿ ಅರ್ಧ ಹೂತಿರುತ್ತದೆ.

ಇಡುವ ಮೂರು ರೀತಿ

ಕಾಲ: ಜನವರಿಯಿಂದ ಏಪ್ರಿಲ್. ಚಂದ್ರಗಿರಿಯಲ್ಲೂ ಇರುವ ಡೆನಿಸನ್ ಬಾರ್ಬ್ ಎಂಬ ಕೆಂಪುಗೆರೆಯ ಅಪರೂಪದ ಮೀನು ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ ಮೊಟ್ಟೆ ಇಡುತ್ತದೆ. ಅದು ಕಂಡಲ್ಲಿ ಮಾರ್ಚ್ ಕಳೆಯುವವರೆಗೆ ಕಾಯಿರಿ.

ಕಯಕ್ಕೆ ಮರೆ ಕೊಡಲು: ಗೆಲ್ಲು ತುಂಬಿದ ಇಡೀ ತಲೆಯನ್ನು ದಡಕ್ಕೆ ತಾಗಿಸಿ, ತುದಿ ಕೆಳಹರಿವಿಗೆ ಮುಖ ಮಾಡಿ, ದಡದೊಂದಿಗೆ ಮೂವತ್ತು ಡಿಗ್ರಿ ಮೀರದ ಕೋನದಲ್ಲಿ ಇಡಿ. ಬುಡ ದಡದ ಮರಕ್ಕೆ ಸಿಕ್ಕಿಸಿ. ಬೇಸಿಗೆಯ ಕನಿಷ್ಠ ನೀರಿನಲ್ಲೂ ಗೆಲ್ಲಿನ ಅರ್ಧವಾದರೂ ಮುಳುಗಿರಬೇಕು. ಸದಾ ಮುಳುಗಿದ ಮರ ಬಹುಕಾಲ ಬಾಳುತ್ತದೆ, ಒಮ್ಮೆ ಒದ್ದೆ ಒಮ್ಮೆ ಒಣಗುವುದು ಬೇಗ ಕೊಳೆಯುತ್ತದೆ.

ಕಯ ಮಾಡಿಸಲು: ಹೊಯಿಗೆ ತಳದಲ್ಲಿ ಬೇರಿನ ಗಂಟಿರುವ ದಿಮ್ಮಿ, ಗಂಟು ಮೇಲ್ಹರಿವಿಗೆ ಮುಖ. ನೀರು ಗಂಟಿಗೆ ಬಡಿದು ಎರಡಾಗಿ ಸೀಳಿ ಅದರ ಬುಡ ಕೊರೆಯುತ್ತದೆ, ಕಾಂಡದ ಹಿಂದೆ ಹೊಯಿಗೆ ಕೂರುತ್ತದೆ. ಬೇರಿಲ್ಲದ ಬೋಳು ದಿಮ್ಮಿಯಾದರೆ ದಡದಿಂದ ಸ್ವಲ್ಪ ಮೇಲ್ಹರಿವಿನ ಕಡೆ ಓರೆ ಮಾಡಿ ಇಡಿ. ಮುಳುಗಿದ ದಿಮ್ಮಿಯ ಮೇಲಿಂದ ಹಾಯುವ ನೀರು ದಿಮ್ಮಿಗೆ ಲಂಬವಾಗಿ ಬೀಳುತ್ತದೆ. ಮೇಲಕ್ಕೆ ಓರೆ ಇದ್ದರೆ ನೀರು ಹೊಳೆಯ ನಡುವಿಗೆ ತಿರುಗುತ್ತದೆ, ಕೆಳಕ್ಕೆ ಓರೆ ಇದ್ದರೆ ದಡವನ್ನೇ ಕೊರೆಯುತ್ತದೆ. ಯಾರದೋ ಅಡಿಕೆ ಸಾಲು ಹೊಳೆಗೆ ಹೋಗುವುದು ಈ ಒಂದು ತಪ್ಪಿನಿಂದ. ನೇರ ಅಡ್ಡ ಇಡಲೇಬೇಡಿ, ಅದು ಕಟ್ಟವಾಗಿ ಹತ್ತುವ ಮೀನಿಗೆ ದಾರಿ ಮುಚ್ಚುತ್ತದೆ.

ಮರಿಗಳಿಗೆ: ಬೆರಳಿಂದ ಮುಂಗೈ ದಪ್ಪದ ಒಣ ಗೆಲ್ಲುಗಳನ್ನು ಒಂದೂವರೆ ಮೀಟರ್ ಉದ್ದದ ಸಡಿಲ ಕಟ್ಟು ಮಾಡಿ, ನಡುವೆ ಒಂದು ಕಲ್ಲು ಸೇರಿಸಿ, ತೋಡು ಹೊಳೆಗೆ ಸೇರುವ ಮೂಲೆಗಳಲ್ಲಿ ಗೂಟ ಹೊಡೆದು ಕಟ್ಟಿ. ಶಾಲಾ ಮಕ್ಕಳೂ ಮಾಡಬಹುದಾದ ಕೆಲಸ. ಎರಡು ಮಳೆಗಾಲಕ್ಕಿಂತ ಹೆಚ್ಚು ಬಾಳದು, ಹೊಸತು ಕಟ್ಟುತ್ತಿರಬೇಕು.

ದಿಮ್ಮಿ ಇಳಿಸಲು ಚೈನ್ ಬ್ಲಾಕ್, ಹಾರೆ, ಉರುಳಿಸಲು ಅಡಿಕೆ ಮರದ ತುಂಡು ಸಾಕು. ಜೆಸಿಬಿ ಹೊಳೆಗೆ ಇಳಿದರೆ ಅದರ ಚಕ್ರ ಹಾಳು ಮಾಡಿದ್ದನ್ನು ನಿಮ್ಮ ಮರ ಸರಿಮಾಡಲಾರದು. ಇಳಿಜಾರಿನಲ್ಲಿ ದಿಮ್ಮಿಯ ಕೆಳಬದಿ ಯಾರೂ ನಿಲ್ಲಬಾರದು.

ಮೊದಲ ವರ್ಷ ಒಂದೇ ಕಯದಲ್ಲಿ ಎರಡು ಮೂರು ಮರ, ಅಷ್ಟೇ. ನಿಮ್ಮ ಹೊಳೆಯ ನೆರೆ ಅವನ್ನು ಏನು ಮಾಡುತ್ತದೆ ಎಂದು ನೋಡಿದ ಮೇಲೆ ಮುಂದಿನದು.

ನೆರೆಯ ನಂತರ

ಪ್ರತಿ ಮರಕ್ಕೆ ಬಣ್ಣವಿಲ್ಲದ ಗುರುತು, ಅಂದರೆ ಉಳಿಯಿಂದ ಕೊರೆದ ಅಂಕೆ, ಮೊದಲೇ ಇರಲಿ. ಜೂನ್, ಜುಲೈಯಲ್ಲಿ ದಡದಿಂದ ಮಾತ್ರ ನೋಡಿ, ನೀರಿಗೆ ಇಳಿಯಬೇಡಿ. ಮಿಣಿ ಸಡಿಲಾಗಿ ಮರ ತಿರುಗುತ್ತಿದ್ದರೆ ಕೆಳಗಿನ ಕಿಂಡಿ ಅಣೆಕಟ್ಟಿನವರಿಗೆ, ಸೇತುವೆ ಬಳಿಯವರಿಗೆ ಫೋನು ಮಾಡಿ ಹೇಳುವುದು ನಿಮ್ಮ ಹೊಣೆ.

ಅಕ್ಟೋಬರ್, ನವೆಂಬರಿನಲ್ಲಿ ನೀರು ತಿಳಿಯಾದಾಗ ಅದೇ ಬಿದಿರ ಗಳದಿಂದ ಅದೇ ಜಾಗದ ಆಳ ಅಳೆಯಿರಿ, ಅದೇ ಕಲ್ಲಿನ ಮೇಲೆ ನಿಂತು ಫೋಟೋ ತೆಗೆಯಿರಿ. ಮರ ಸರಿದು ಬೇರೆಡೆ ನೆಲೆಯಾಗಿದ್ದರೆ, ಅಲ್ಲಿ ಯಾರಿಗೂ ತೊಂದರೆಯಿಲ್ಲದಿದ್ದರೆ, ವಾಪಸು ಎಳೆಯಬೇಡಿ. ಎದುರು ದಡ ಹೊಸದಾಗಿ ಕೊರೆದಿದ್ದರೆ ಮರದ ಕೋನ ಬದಲಿಸಿ, ಕೊರೆದ ಜಾಗದಲ್ಲಿ ಮುಂಡೇವು, ಬಿದಿರು, ಹೊಳೆಮತ್ತಿ ಸಸಿ ನೆಡಿ. ಮರಕ್ಕೆ ಸಿಕ್ಕಿದ ಪ್ಲಾಸ್ಟಿಕ್, ಬಲೆ ತುಂಡು, ಹಳೆ ಬಟ್ಟೆ ತೆಗೆಯಿರಿ. ಎಲೆ, ಕಡ್ಡಿ ಇರಲಿ.

ಮೀನು ಲೆಕ್ಕಕ್ಕೆ ಬಲೆ ಬೇಡ. ಬೆಳಿಗ್ಗೆ ಬಿಸಿಲು ನೀರಿನ ತಳ ಮುಟ್ಟುವ ಹೊತ್ತಿಗೆ ದಡದಲ್ಲಿ ಅಲುಗಾಡದೆ ಅರ್ಧ ಗಂಟೆ ಕುಳಿತು, ಮರ ಇರುವ ಕಯ ಮತ್ತು ಅಷ್ಟೇ ಆಳದ ಬೋಳು ಕಯ ಎರಡರಲ್ಲೂ ಕಂಡ ಜಾತಿ, ಅಂದಾಜು ಸಂಖ್ಯೆ, ಮರಿ ಇದೆಯೋ ಇಲ್ಲವೋ ಎಂದು ಬರೆಯಿರಿ. ಬೋಳು ಕಯದ ಲೆಕ್ಕ ಬಿಟ್ಟರೆ ಮರದಿಂದ ಆದ ಬದಲಾವಣೆ ಯಾವುದು, ಒಳ್ಳೆ ಮಳೆಯಿಂದ ಆದದ್ದು ಯಾವುದು ಎಂದು ತಿಳಿಯುವುದಿಲ್ಲ. ಮೇ ಕೊನೆಗೆ ಇನ್ನೊಮ್ಮೆ ಕುಳಿತು ಎಣಿಸಿ. ಬೇಸಿಗೆ ದಾಟಿ ಉಳಿದ ಮೀನೇ ಮೊದಲ ನೆರೆಗೆ ಹತ್ತಿ ಮೊಟ್ಟೆ ಇಡುವುದು, ಆದ್ದರಿಂದ ಆ ಲೆಕ್ಕವನ್ನು ಮಾತ್ರ ಯಾವ ವರ್ಷವೂ ತಪ್ಪಿಸಬೇಡಿ. ಬರೆದ ಪುಟದ ಒಂದು ಪ್ರತಿ ಪಂಚಾಯತಿನ ಜೀವವೈವಿಧ್ಯ ಸಮಿತಿಗೆ ಕೊಡಿ, ಮುಂದಿನ ಸಲ ಹೊಳೆ ‘ಚೊಕ್ಕ’ ಮಾಡುವ ಟೆಂಡರು ಬಂದಾಗ ಯಾವ ಮರ ಮುಟ್ಟಬಾರದು ಎಂದು ತೋರಿಸಲು ಅದು ಬೇಕಾಗುತ್ತದೆ.